ಅಮ್ಮ ಅಜ್ಜಿಯ ತಲೆ ಮಾಡಿದ್ದು

ಬೇರೆಯವರ ಮನೆಯಲ್ಲಿ ಸೋಫಾದ ಮೇಲೆ ನೆಂಟರು ಕೂತಿರುತ್ತಾರೆ, ನಮ್ಮ ಮನೆಯಲ್ಲಿ ಏನಾದರೊಂದು ಅನಾಹುತ ಕೂತಿರುತ್ತದೆ. ಮೈಸೂರಿನಲ್ಲಿ ಅರ್ಧ ಓದಿ, ಅಮೆರಿಕದ ಸೀಕಾಕಸ್‌ಗೆ ಬಂದು ಉಳಿದರ್ಧ ಓದದೇ ಬಿಟ್ಟವನು ನಾನು. ಏನು ಮಾಡಲಿ, ಸ್ಕೂಲಿಗೆ ಹೋದರೆ ಮನೆಯ ತಮಾಷೆ ತಪ್ಪಿಹೋಗುತ್ತದಲ್ಲ!

ಪೆಟ್ರೋಲ್ ಸಿಗದೆ ಗ್ಯಾಸ್ ಸ್ಟೇಷನ್ನುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಚಳಿಗಾಲ ಅದು. ಮೈಸೂರಿಂದ ಬಂದಿದ್ದ ಅಜ್ಜಿ, ಅಂದರೆ ಅಪ್ಪನ ಅಮ್ಮ, ವಾಪಸ್ ಹೊರಡೋದು ಹತ್ತಿರ ಬಂದಿತ್ತು. ಅಮ್ಮ ಸಂಜೆಯ ಶಿಲ್ಪದ ಕ್ಲಾಸಿಗೆ ಸೇರಿದ್ದಳು. ಅತ್ತೆ ವಿಮಾನ ಹತ್ತೋದರೊಳಗೆ ಅವರದೇ ಒಂದು ಪ್ರತಿಮೆ ಮಾಡಿ, ಅವರ ಬಾಯಿಂದ ಒಂದೇ ಒಂದು ಒಳ್ಳೆ ಮಾತು ಕೇಳಬೇಕು ಅಂತ ಅವಳ ಹಟ. ಸೊಸೆ ಮಾಡಿದ ಸಾರಿನಿಂದ ಹಿಡಿದು ಸ್ವೆಟರಿನವರೆಗೆ ಅಜ್ಜಿ ಯಾವುದನ್ನೂ ಮೆಚ್ಚಿದವರಲ್ಲ.

೧. ಯಾವುದರಲ್ಲಿ ಮಾಡೋದು?

"ಸಿಮೆಂಟಲ್ಲಿ ಮಾಡು," ಅಂದ ಅಪ್ಪ. ಅವನು ಸಿವಿಲ್ ಇಂಜಿನಿಯರ್. "ಒಳಗೆ ನಾಲ್ಕು ಕಬ್ಬಿಣದ ಸರಳು ಹಾಕಿಬಿಟ್ರೆ ಭೂಕಂಪಕ್ಕೂ ಜಗ್ಗಲ್ಲ."

"ನಿಮ್ಮಮ್ಮನ ತಲೇರೀ, ಫ್ಲೈ‌ಓವರ್ ಅಲ್ಲ!"

ಕಲ್ಲಿನ ಮಾತು ಬಂತು. ಅಜ್ಜಿ ಸೆರಗು ಸರಿಮಾಡಿಕೊಂಡರು. "ಕಲ್ಲಾದ್ರೆ ಇವಳು ದಿನಾ ನನ್ನ ಮೂತಿಗೆ ಸುತ್ತಿಗೇಲಿ ಹೊಡೀತಾಳೆ. ಅದೂ ಎಲ್ಲರ ಒಪ್ಪಿಗೆ ತಗೊಂಡು!"

ಮರ ಅಂದರೆ ಗೆದ್ದಲು, ಮೇಣ ಅಂದರೆ ದೀಪದ ಬಿಸಿ. ಕೊನೆಗೆ ಜೇಡಿಮಣ್ಣು ಅಂತಾಯಿತು. ಅಜ್ಜಿ ಹಣೆ ಚಚ್ಚಿಕೊಂಡರು. "ಇನ್ನೂ ಹೋಗೇ ಇಲ್ಲ, ಆಗಲೇ ನನ್ನನ್ನ ಮಣ್ಣು ಮಾಡ್ತಿದ್ದಾರಲ್ಲೋ!"

೨. ಅಡ್ಡದಾರಿ

ಕೈಯಲ್ಲಿ ತಿದ್ದಿದ ಮೂಗು ಮೊದಲ ವಾರ ಬದನೇಕಾಯಿ ಆಯಿತು. ಕ್ಲಾಸಿನ ಟೀಚರ್ ಒಂದು ಸುಲಭ ಉಪಾಯ ಹೇಳಿದರಂತೆ. ಮುಖಕ್ಕೆ ವ್ಯಾಸಲೀನ್ ಸವರಿ, ಪ್ಲಾಸ್ಟರ್ ಮೆತ್ತಿ, ಒಣಗಿದ ಮೇಲೆ ಅಚ್ಚು ಬಿಡಿಸೋದು. ಅಜ್ಜಿಗೆ ಮಾಡೋ ಮುಂಚೆ ಟ್ರಯಲ್ ಬೇಕಲ್ಲ, ನನ್ನನ್ನು ಸೋಫಾ ಮೇಲೆ ಮಲಗಿಸಿದರು. ಮೂಗಿಗೆ ಎರಡು ಸ್ಟ್ರಾ.

ಪ್ಲಾಸ್ಟರ್ ಬಿಸಿಯಾಗಿ ಗಟ್ಟಿಯಾಯಿತು. ಇಂಥ ಅವಕಾಶ ಬಿಡೋದುಂಟೇ? ಉಸಿರು ಹಿಡಿದು ಸತ್ತವನ ಹಾಗೆ ಕೈ ಇಳಿಬಿಟ್ಟೆ.

"ಅಯ್ಯೋ, ಮಗು ಅಲ್ಲಾಡ್ತಿಲ್ಲ!" ಅಂತ ಅಮ್ಮ ಚೀರಿದಳು.

"ಕಾವಲಿ ಇಡೇ," ಅಂದರು ಅಜ್ಜಿ. "ಒಂದು ದೋಸೆ ಚುಯ್ ಅಂದ್ರೆ ಹೆಣ ತಾನೇ ಎದ್ದು ಬರುತ್ತೆ."

ಬಂದೆ. ಆದರೆ ಬಾಯಿ ತೆಗೆಯೋಕೆ ಆಗಲಿಲ್ಲ. ಅಜ್ಜಿ ನನ್ನೆದುರೇ ಕೂತು ಆ ದೋಸೆ ತಿಂದು ಮುಗಿಸಿದರು. ಅಚ್ಚು ಕಿತ್ತಾಗ ನನ್ನ ಎಡಹುಬ್ಬು ಅದರ ಜೊತೆಗೇ ಹೋಯಿತು. "ಈ ವಿಧಾನ ನನಗೆ ಬೇಡ," ಅಂದರು ಅಜ್ಜಿ, "ಇವನಿಗೆ ಬೇಕಾದ್ರೆ ಇನ್ನೊಂದು ಹುಬ್ಬಿಗೂ ಮಾಡು."

೩. ನೆಗಡಿ

ಅಮ್ಮ ಮತ್ತೆ ಕೈಯಲ್ಲೇ ತಿದ್ದಲು ಕೂತಳು. ಈ ಸಲ ಅಜ್ಜಿಯೇ ಬಂದು ಕೂತ ಹಾಗಿತ್ತು. ಹಸಿಮಣ್ಣು ಬಿರಿಯದಿರಲಿ ಅಂತ ಅದರ ತಲೆಗೆ ಒದ್ದೆ ಬಟ್ಟೆ ಸುತ್ತಿಟ್ಟಳು.

ಬೆಳಿಗ್ಗೆ ಅಜ್ಜಿಗೆ ಸೀನು ಶುರು. "ಒದ್ದೆ ಬಟ್ಟೆ ತಲೆಗೆ ಕಟ್ಟಿದ್ರೆ ನೆಗಡಿ ಆಗದೆ ಇರುತ್ತಾ?"

"ಕಮಾನ್ ಅಜ್ಜಿ, ಕಟ್ಟಿರೋದು ಗೊಂಬೆಗೆ!"

"ಗೊಂಬೆ ಯಾರದ್ದೋ? ನಂದು ತಾನೇ?"

ಅಮ್ಮ ಅಂಗಡಿಗೆ ಹೋಗಿದ್ದಾಗ ಅಜ್ಜಿ ಒದ್ದೆ ಬಟ್ಟೆ ಕಿತ್ತು, ಗೊಂಬೆಗೆ ಉಣ್ಣೆಯ ಮಫ್ಲರ್ ಸುತ್ತಿ, ಹೀಟರ್ ಪಕ್ಕ ಬೆಚ್ಚಗೆ ಕೂರಿಸಿದರು. ಸಂಜೆಗೆ ಕೆನ್ನೆ ತುಂಬ ಬಿರುಕು. ಅಮ್ಮ ಅಳುಮುಖ ಮಾಡಿದಳು. ಅಪ್ಪ ಹತ್ತಿರ ಹೋಗಿ ನೋಡಿದ. "ಈಗ ನೋಡು, ವಯಸ್ಸು ಸರಿಯಾಗಿ ಕಾಣ್ತಿದೆ."

೪. ಏರ್‌ಪೋರ್ಟಿನಲ್ಲಿ

ಅಮ್ಮ ಬಿರುಕು ಮುಚ್ಚಿ, ಅಚ್ಚು ತೆಗೆದು, ಪ್ಲಾಸ್ಟರ್ ಹುಯ್ದು, ಹೊರಡೋ ಹಿಂದಿನ ದಿನ ಅತ್ತೆಯ ಮುಂದೆ ಇಟ್ಟಳು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಮೂಗುಬೊಟ್ಟು, ಸುಕ್ಕು, ಗದರೋ ಗಲ್ಲ, ಎಲ್ಲಾ ಅಜ್ಜಿಯದೇ.

"ಕೈ ಎಲ್ಲಿ?" ಅಂದರು ಅಜ್ಜಿ.

"ಇಂಥದಕ್ಕೆ ಕೈ ಇರಲ್ಲ ಅತ್ತೆ, ಕತ್ತಿನವರೆಗೆ ಅಷ್ಟೇ."

"ಹ್ಞೂಂ," ಅಂದು ಜಪಕ್ಕೆ ಕೂತರು. ಅಮ್ಮ ಆ ರಾತ್ರಿ ಪಾತ್ರೆಗಳನ್ನು ಬಹಳ ಜೋರಾಗಿ ತೊಳೆದಳು.

ಮಾರನೆಯ ದಿನ ಏರ್‌ಪೋರ್ಟಿನಲ್ಲಿ ಚೀಲ ತಪಾಸಣೆ ಮಾಡೋ ಆಸಾಮಿ ಅಜ್ಜಿಯ ಕೈಚೀಲ ಬಿಚ್ಚಿದ. ಊರಲ್ಲಿರೋ ತಮ್ಮ ಹೆಣ್ಣುಮಕ್ಕಳಿಗೆ ಅಂತ ತುಂಬಿಸಿದ್ದ ಚಾಕೊಲೇಟ್ ಡಬ್ಬಿ, ಸೆಂಟಿನ ಬಾಟಲಿ ಒಂದೂ ಇಲ್ಲ! ಎಲ್ಲ ಮನೆಯಲ್ಲೇ ಬಿಟ್ಟು, ಒಂಬತ್ತು ಗಜದ ರೇಷ್ಮೆ ಸೀರೆಯಲ್ಲಿ ಗೊಂಬೆಯನ್ನು ಸುತ್ತಿಕೊಂಡು ಬಂದಿದ್ದಾರೆ. ಅಮ್ಮ ಬಾಯಿಬಿಟ್ಟು ನಿಂತಳು.

ಆಸಾಮಿ ಗೊಂಬೆಯನ್ನು ಎತ್ತಿ ಹಿಡಿದು ಏನೋ ಕೇಳಿದ. "ಇದು ಯಾರು ಅಂತಿದಾನೆ," ಅಂದ ಅಪ್ಪ.

ಅಜ್ಜಿಗೆ ಆ ಮುಖ ಯಾರದ್ದು ಅನ್ನೋದು ಹೇಳಬೇಕಾದ ವಿಷಯವೇ ಅಲ್ಲ. ಮಾಡಿದ್ದು ಯಾರು ಅನ್ನೋದು ಮುಖ್ಯ. ಅಮ್ಮನ ರಟ್ಟೆ ಹಿಡಿದು ಮುಂದಕ್ಕೆ ಎಳೆದು, ತಮಗೆ ಬರೋ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, ಇಡೀ ಕ್ಯೂಗೆ ಕೇಳೋ ಹಾಗೆ ಹೇಳಿದರು: "ದಿಸ್! ಮೈ ಡಾಟರ್-ಇನ್-ಲಾ! ವೆರಿ ವೆರಿ ಗುಡ್!"

ಆ ಆಸಾಮಿ ಗೊಂಬೆಯ ಸುಕ್ಕು ನೋಡಿದ, ಅಮ್ಮನ ಮುಖ ನೋಡಿದ. ಮತ್ತೊಮ್ಮೆ ಗೊಂಬೆ ನೋಡಿದ. ಪಾಪ ಅನ್ನಿಸಿರಬೇಕು, ಅಮ್ಮನಿಗೆ ಮೆಲ್ಲಗೆ ಅಂದ: "ಮೇಡಂ, ನಾನಾಗಿದ್ರೆ ಇದನ್ನ ಮಾಡಿದವರ ಮೇಲೆ ಕೇಸ್ ಹಾಕ್ತಿದ್ದೆ."

ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಅಂದಳು: "ಇಲ್ಲ ಸರ್, ನಮ್ಮತ್ತೆ ಹೇಳಿದ್ದು ಸರಿ. ನಾನು ಇರೋದೇ ಹಾಗೆ."