ಧ್ರುವದ ಲೆಕ್ಕ, ಮತ್ತಿಗಿರಿಯ ಐಸು

ಆ ಭಾನುವಾರ ನನ್ನ ಹೆಂಡತಿ ಸರೋಜ ಹುರುಳಿಕಾಯಿ ಬಿಡಿಸುತ್ತಿದ್ದಳು. ಉತ್ತರ ಧ್ರುವದ ಸಮುದ್ರದ ಮೇಲಿನ ಹಿಮ ಮುಂದೆ ಎಷ್ಟು ಕಡಿಮೆಯಾಗುತ್ತದೆಂದು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನವನ್ನು ನಾನು ಪತ್ರಿಕೆ ನೋಡಿಕೊಂಡು ಅವಳಿಗೆ ಬೋಧಿಸುತ್ತಿದ್ದೆ. ಬಿಸಿಲು, ಗಾಳಿ, ನೀರಿನ ಬಿಸಿ ಎಲ್ಲವನ್ನೂ ಸಮೀಕರಣದಲ್ಲಿ ಹಿಡಿದು ಭೂಮಿಯದೇ ಒಂದು ಮಾದರಿ ಕಟ್ಟುತ್ತಾರಂತೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಅದು ಕರಗಿ ಕಪ್ಪು ನೀರು ತೆರೆದುಕೊಂಡರೆ ಆ ನೀರು ಬಿಸಿಲು ಹೀರಿ, ಉಳಿದ ಹಿಮವನ್ನೂ ಬೇಗ ಕರಗಿಸುತ್ತದೆ. ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುವ ನನಗೆ ಇದು ತೀರಾ ಸುಲಭವೆನಿಸಿತು!

"ಅದಿರ್ಲಿ, ಸಂಜೆಗೆ ಮಳೆ ಬತ್ತದಾ ಹೇಳ್ರಿ. ಹಪ್ಪಳ ಒಣಗಾಕ್ಬೇಕು" ಎಂದಳು.

ಬರುವುದಿಲ್ಲ ಎಂದೆ. ಹಪ್ಪಳ ನೆಂದವು.

ಮಾರನೆಯ ಸಂಜೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

ಮಗಳು ಗೀತಾ ಹುಬ್ಬಳ್ಳಿಯಿಂದ ಬರಬೇಕು. ಟ್ರಂಕ್ ಕಾಲ್ ಮಾಡಿದಾಗ ಫೋನಿನಲ್ಲಿ ಅವಳು ಕೇಳಿದ್ದು ಒಂದೇ: "ಅಮ್ಮನ ಮುಖ ನೋಡೋವರ್ಗೂ ಎತ್ಬೇಡಿ ಅಪ್ಪಾ."

ಪಕ್ಕದ ಮನೆಯ ಮುನಿಯಪ್ಪ ಹೊಸೂರಿನಿಂದ ಐಸ್ ಗಡ್ಡೆ ತಂದು, ಸರೋಜಳ ಸುತ್ತ ಜೋಡಿಸಿ, ಮರದ ಹೊಟ್ಟು ಮುಚ್ಚಿದ. ಇನ್ನೊಂದು ಗಾಡಿ ಈಗಲೇ ತರಿಸಲೇ ಎಂದು ಕೇಳಿದ. ನಾನು ಗಡ್ಡೆಗೆ ಅಡಿಪಟ್ಟಿ ಹಿಡಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದೆ. ಕರಗಿದ್ದನ್ನು ಗುಣಿಸಿ, ನಾಳೆ ಸಂಜೆಯವರೆಗೆ ಬಾಧಕವಿಲ್ಲವೆಂದು ಘೋಷಿಸಿದೆ. ಸಾವಿನ ಮನೆಯಲ್ಲಿ ಯಾರು ಎದುರಾಡುತ್ತಾರೆ? ಗಾಡಿ ಬರಲಿಲ್ಲ.

ನನ್ನ ಮಾದರಿಯಲ್ಲಿ ನೆಂಟರು ಇರಲಿಲ್ಲ. ಅವರು ಬಂದು ಬಂದು ಹೊಟ್ಟು ಸರಿಸಿ ನೋಡುವುದು, ತಲೆಯ ಬಳಿ ಉರಿಯುವ ದೀಪ ಯಾವುದೂ ಇರಲಿಲ್ಲ. ಕರಗಿದ ನೀರಿನಲ್ಲೇ ಕೂತ ಗಡ್ಡೆ ಇನ್ನೂ ಬೇಗ ಕರಗಿತು. ಧ್ರುವದ ವಿಷಯದಲ್ಲಿ ಇಂಥದ್ದನ್ನೇ ಬೋಧಿಸಿದ್ದ ಪಂಡಿತ ನಾನು!

ಬೆಳಗಾದಾಗ ಅಂಗೈಯಗಲದ ಚೂರುಗಳು ಉಳಿದಿದ್ದವು. ಐಸ್ ಕಾರ್ಖಾನೆಗೆ ಹೋದವರು, ಅಲ್ಲಿ ಕರೆಂಟಿಲ್ಲವೆಂದು ಬರಿಗೈಯಲ್ಲಿ ಬಂದರು.

"ಇನ್ನು ತಡೆಯಾಕಾಗಲ್ಲ ಕಣಣ್ಣಾ, ಎತ್ತುಬುಡಾನ" ಎಂದ ಮುನಿಯಪ್ಪ.

"ಮಗು ಬಸ್ಸಲ್ಲವಳೆ ಕಣೋ."

ಅವನು ನನ್ನ ಮುಖ ನೋಡಿದ. ಸೈಕಲ್ ಹತ್ತಿ ಹೋಗಿ, ನಮ್ಮೂರು ಮತ್ತಿಗಿರಿಯ ಐಸ್‌ಕ್ಯಾಂಡಿ ಡಬ್ಬಗಳನ್ನೆಲ್ಲ ಖಾಲಿ ಮಾಡಿಸಿ ತಂದ. ಕೆಂಪು, ಹಳದಿ, ಹಸಿರು ಕಡ್ಡಿಗಳ ನಡುವೆ ಸರೋಜ ಮಲಗಿದಳು. ಹಲ್ಲು ಜುಮ್ಮೆನ್ನುತ್ತದೆಂದು ಜನ್ಮದಲ್ಲಿ ಒಂದು ಕಡ್ಡಿಯನ್ನೂ ಬಾಯಿಗಿಟ್ಟವಳಲ್ಲ! ಪ್ರತಿ ಬಸ್ಸಿನ ಸದ್ದಿಗೂ ನಾನು ಬಾಗಿಲಿಗೆ ಓಡಿದೆ. ಪ್ರತಿ ಸಲವೂ ಬಣ್ಣ ಇನ್ನಷ್ಟು ತೆಳುವಾಗಿರುತ್ತಿತ್ತು.

ಮಧ್ಯಾಹ್ನ ಗೀತಾ ಬಂದಳು. ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಸೀರೆಗೇನಪ್ಪಾ ಇದು ಬಣ್ಣ?"

ಹೇಳಿದೆ. ಅಳುತ್ತಲೇ ಒಮ್ಮೆ ನಕ್ಕಳು.

ತಿಥಿ ಮುಗಿಸಿ ಅವಳೂ ಹೊರಟುಹೋದಳು. ಈಗ ನಾನು ಏನು ಹೇಳಿದರೂ ಜನ ಪಾಪವೆಂದು ತಲೆಯಾಡಿಸುತ್ತಾರೆ. ಧ್ರುವದ ಹಿಮ ನಾಳೆಯೇ ಮುಗಿಯುತ್ತದೆಂದರೂ ಮುನಿಯಪ್ಪ ಹೌದಣ್ಣಾ ಅನ್ನುತ್ತಾನೆ. ಅಲ್ಲ ಅನ್ನುವವಳು ಇಲ್ಲ.