ದಾರ ದಾಟಿದ ಚುಕ್ಕೆ

ಕಣ್ಣು ಕಾಣದವರ ಜೊತೆ ಬಾಳುವುದು ಕಷ್ಟ ಎನ್ನುತ್ತಾರೆ. ಸುಳ್ಳು! ಕಣ್ಣು ಕಾಣದಿದ್ದರೂ ಪಕ್ಕದವನ ತಪ್ಪೆಲ್ಲ ಕಾಣುವವರ ಜೊತೆ ಬಾಳಿ ನೋಡಿ, ಆಗ ಗೊತ್ತಾಗುತ್ತದೆ. ನನ್ನ ಭಾವ, ಅಂದರೆ ಅಕ್ಕನ ಗಂಡ, ಅಂಥ ಆಸಾಮಿ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಹಾಗಾಗಿ ಮರ್ಯಾದೆಯ ಬಹುವಚನ ನಮ್ಮಲ್ಲಿಲ್ಲ.

ಅವನದು ಮೇನ್‌ಫ್ರೇಮ್ ಕೆಲಸ. ಹೊರದೇಶದ ಯಾವುದೋ ವಿಮಾ ಕಂಪನಿಯಲ್ಲಿ ಕೋಣೆ ತುಂಬುವಂಥ ಹಳೇ ಕಂಪ್ಯೂಟರ್ ಇದೆಯಂತೆ. ಇಪ್ಪತ್ತು ವರ್ಷದಿಂದ ಅದಕ್ಕೆ ಪ್ರೋಗ್ರಾಂ ಬರೆದವನು. ಕಣ್ಣು ಮಂದವಾಗಿ ಅದರ ಹಸಿರು ಅಕ್ಷರ ಕಾಣದಂತಾದಾಗ ಕಂಪನಿಯವರು ಹೇಳಿದರು: ಮನೆಯಿಂದಲೇ ಒಂದು ಪ್ರೋಗ್ರಾಂ ತಪ್ಪಿಲ್ಲದೆ ಬರೆದು ಕಳಿಸಿ, ಸರಿಯಿದ್ದರೆ ಕೆಲಸ ಉಳಿಯುತ್ತದೆ. ಸರಿ, ಅಕ್ಕನನ್ನೂ ಕಂಪ್ಯೂಟರನ್ನೂ ಕಟ್ಟಿಕೊಂಡು ಬೆಳಗೋಡಿನ ಹತ್ತಿರದ ನನ್ನ ತೋಟಕ್ಕೆ ಬಂದಿಳಿದ. ನನ್ನ ಶನಿ!

ಇಂಟರ್‌ನೆಟ್ಟಿನಿಂದ ಏನೇನೋ ಪುಕ್ಕಟೆ ಸಾಮಗ್ರಿ ಇಳಿಸಿಕೊಂಡಿದ್ದ. ಬರೆಯಲು ಒಂದು, ಬರೆದದ್ದು ಓಡುತ್ತದೋ ನೋಡಲು ಇನ್ನೊಂದು, ಗಟ್ಟಿಯಾಗಿ ಓದಿ ಹೇಳಲು ಮತ್ತೊಂದು.

"ಯಾರು ಮಾಡಿದ್ದು ಇವನ್ನ?" ಎಂದೆ.

"ಯಾರ್ಯಾರೋ ಸೇರ್ಕೊಂಡು ಮಾಡವ್ರೆ. ಒಳಗೆ ಬಿಚ್ಚಿ ನೋಡ್ಬೋದು, ರಿಪೇರಿ ಮಾಡಿ ಎಲ್ರಿಗೂ ಕೊಡ್ಬೋದು."

"ಪುಕ್ಕಟೆ ಅಂದ್ರೆ ಏನೋ ಐಬು ಐತೆ ಬಿಡು ಮಾರಾಯ."

ಆ ಓದುವ ಯಂತ್ರವಿತ್ತಲ್ಲ, ಬೆಳಗಿನಿಂದ ಸಂಜೆವರೆಗೆ ಶೀತ ಹಿಡಿದ ಗಂಟಲಲ್ಲಿ ಇಂಗ್ಲಿಷ್ ಒದರುತ್ತಿತ್ತು. ಕೂಲಿ ಲೈನಿನ ಹೆಂಗಸರು ಕಾಫಿ ಸ್ಟೋರಿನ ಬಾಗಿಲಲ್ಲೇ ನಿಂತು, "ಒಳಗೆ ಯಾರೋ ದೊರೆಗಳು ಬಂದವ್ರಂತೆ, ಭಾವನೋರಿಗೆ ಬಯ್ತಾ ಅವ್ರೆ" ಎಂದು ಕನಿಕರಪಡುತ್ತಿದ್ದರು. ಅಕ್ಕ ತಿದ್ದಲು ಹೋಗಲಿಲ್ಲ. "ಯಾರಾದ್ರೂ ಬಯ್ಲಿ ಬಿಡು" ಎಂದಳು!

ಒಂದೇ ಒಂದು ತೊಡಕಿತ್ತು. ಆ ಹಳೇ ಮೇನ್‌ಫ್ರೇಮು ಪ್ರತಿ ಸಾಲಿನಲ್ಲೂ ಎಪ್ಪತ್ತೆರಡು ಅಕ್ಷರ ಮಾತ್ರ ಓದುತ್ತದೆ. ಎಪ್ಪತ್ತಮೂರನೆಯದು ಬ್ರಹ್ಮನೇ ಬರೆದಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ. ಮನೆಯಲ್ಲಿ ಓಡಿಸಿ ನೋಡುವ ಪುಕ್ಕಟೆ ಯಂತ್ರವೋ ಧಾರಾಳಿ, ಎಷ್ಟಿದ್ದರೂ ಒಪ್ಪಿಬಿಡುತ್ತಿತ್ತು. ಸಾಲು ಗಡಿ ದಾಟಿತೋ ಇಲ್ಲವೋ ಕಣ್ಣಿಂದಲೇ ನೋಡಬೇಕು. ಆ ಕಣ್ಣು ಯಾರದ್ದು? ನನ್ನದೇ!

ಕಾಫಿ ಗುಂಡಿ ತೆಗೆಯುವಾಗ ಹಗ್ಗ ಕಟ್ಟಿ ಗೆರೆ ಹಿಡಿಯುವವನು ನಾನು. ಇಲ್ಲೂ ಹಾಗೇ ಮಾಡಿದೆ: ಎಪ್ಪತ್ತೆರಡನೇ ಅಕ್ಷರದ ಮೇಲೆ ಪರದೆಗೆ ಒಂದು ಕೆಂಪು ದಾರ ಎಳೆದು ಅಂಟಿಸಿದೆ. ಅವನು ಕುಟ್ಟುತ್ತಿದ್ದ, ನಾನು ಕಾಯುತ್ತಿದ್ದೆ.

"ದಾರ ದಾಟ್ತಾ?"

"ಇಲ್ಲ."

"ಸರಿಯಾಗಿ ನೋಡೋ!"

"ಇಲ್ಲ ಅಂದ್ನಲ್ಲೋ! ಗದ್ದೇಲಿ ನಾಟಿ ಬಿಟ್ಟು ಕೂತಿವ್ನಿ ಇಲ್ಲಿ!"

ದಿನಕ್ಕೆ ಇನ್ನೂರು ಸಲ ಇದೇ ಪುರಾಣ. ಪರದೆಯ ಆ ದಪ್ಪ ಅಕ್ಷರ ನೋಡಿ ನೋಡಿ ನನಗೇ ತಲೆ ಸುತ್ತು ಬಂದು, ಒಂದು ಮಧ್ಯಾಹ್ನ ಅವನಿಗೆ ಹೇಳದೆ ಅಕ್ಷರವನ್ನು ಒಂದು ಸುತ್ತು ಸಣ್ಣ ಮಾಡಿಬಿಟ್ಟೆ. ಕಣ್ಣಿಗೆ ಎಷ್ಟು ಹಿತವಾಯಿತು ಅಂತೀರಿ!

ಬರೆದು ಮುಗಿದ ಮೇಲೆ, ತೋಟದಲ್ಲಿ ನೆಟ್ ಸರಿಯಾಗಿ ಸಿಗದ್ದಕ್ಕೆ, ಜೀಪಿನಲ್ಲಿ ಸಕಲೇಶಪುರಕ್ಕೆ ಹೋಗಿ ಪ್ರೋಗ್ರಾಂ ಕಳಿಸಿ ಬಂದೆವು. ಮಾರನೇ ದಿನ ಉತ್ತರ: ತಪ್ಪಿದೆ. ಒಂದು ಸಾಲಿನ ಕೊನೆಯ ಚುಕ್ಕೆ, ಅಂದರೆ ಪೂರ್ಣವಿರಾಮ, ಎಪ್ಪತ್ತಮೂರನೇ ಜಾಗದಲ್ಲಿ ಕೂತಿದೆ. ಇನ್ನೊಂದೇ ಅವಕಾಶ, ಶುಕ್ರವಾರದೊಳಗೆ.

ಅಕ್ಷರ ಸಣ್ಣದಾಯಿತು, ದಾರ ಇದ್ದಲ್ಲೇ ಇತ್ತು! ದಾರದ ಒಳಗೆ ಹೆಚ್ಚು ಅಕ್ಷರ ಹಿಡಿಸಿದವು. ಗುಂಡಿಗೆ ಗುಂಡಿಗೆ ಅಳತೆ ಹಿಡಿಯುವ ನನಗೆ ಇಷ್ಟು ಹೊಳೆಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಪ್ಪಿಕೊಂಡೆ. ಅವನು ಬಯ್ದಿದ್ದರೆ ಚೆನ್ನಾಗಿತ್ತು. "ಹೌದಾ" ಎಂದು ಕಂಪ್ಯೂಟರ್ ಕಡೆ ತಿರುಗಿದ.

ಆಮೇಲೆ ಆ ಓದುವ ಯಂತ್ರ ಮಾಡಿದವರಿಗೆ ಮೇಲ್ ಬರೆದ. ಎರಡೇ ದಿನದಲ್ಲಿ ಯಾವುದೋ ದೇಶದ ಯಾವನೋ ಪುಣ್ಯಾತ್ಮ ರಿಪೇರಿ ಮಾಡಿ ಕಳಿಸಿದ. ಸಾಲು ಎಪ್ಪತ್ತೆರಡು ದಾಟಿದರೆ ಯಂತ್ರ ಈಗ ಕೀಂಯ್ ಎನ್ನುತ್ತದೆ.

"ಅವ್ನು ನಿಂಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಮತ್ಯಾಕೋ ಮಾಡ್ಕೊಟ್ಟ?"

"ನೀವೆಲ್ಲ ನಾಟೀಲಿ ಮುಯ್ಯಾಳು ಹೋಗಲ್ವಾ? ಇವತ್ತು ಅವ್ರ ಗದ್ದೆ, ನಾಳೆ ನಿಮ್ಮ ಗದ್ದೆ. ಅದೇ ಇದು."

ಹಾಗೆಂದ ಮೇಲೆ ಅರ್ಥವಾಯಿತು. ಇಷ್ಟು ದಿನ ಯಾಕೆ ಸುತ್ತಿ ಬಳಸಿ ಹೇಳುತ್ತಿದ್ದ?

ಗುರುವಾರ ಸಂಜೆ ತಿದ್ದಿದ್ದು ಮುಗಿಯಿತು. ಕಾವಲಿಗೆ ಯಂತ್ರ ಬಂತು, ನನಗಿನ್ನೇನು ಕೆಲಸ? ದಾರ ಕಿತ್ತು ಜೇಬಿಗೆ ಹಾಕಿಕೊಂಡು ಎದ್ದೆ.

"ಕೂತ್ಕೊ ಒಸಿ" ಎಂದ. "ಸಾಲಿನ ಏಳನೇ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿದ್ರೆ ಆ ಸಾಲನ್ನ ಮೇನ್‌ಫ್ರೇಮು ಮುಟ್ಟಲ್ಲ. ಅದು ಮುಂದೆ ಓದೋ ಮನುಷ್ಯರಿಗೆ. ಅಲ್ಲೊಂದು ಸಾಲು ಬರ್ದಿವ್ನಿ, ಕೇಳು."

ಕೀಲಿ ಒತ್ತಿದ. ಶೀತದ ಗಂಟಲು ಇಂಗ್ಲಿಷಿನಲ್ಲಿ ಓದಿತು: "ಈ ಪ್ರೋಗ್ರಾಂ ಬರೆಯುವಾಗ ನನ್ನ ಹೆಂಡತಿಯ ತಮ್ಮ ನನಗೆ ಕಣ್ಣಾಗಿದ್ದ."

ಕೆಡಿಸಿದವನು ನಾನು! ನನ್ನನ್ನು ಒಯ್ದು ಅಲ್ಲಿ ಬರೆದಿದ್ದಾನೆ, ಹುಚ್ಚು ಮುಂಡೇದು.

"ನೀನೇ ಒಂದ್ಸಲ ನೋಡೋ, ಸಾಲು ಸರಿಯಾಗೈತಾ?" ಎಂದ.

ನೋಡಿದೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ.

"ಏನೂ ಕಾಣ್ತಿಲ್ಲ ಕಣೋ" ಎಂದೆ.