ಹೆಂಡತಿ ಉಣ್ಣುವುದನ್ನು ನೋಡಲು ಹೊರಟದ್ದು

ನಾನೂ ನನ್ನ ಹೆಂಡತಿಯೂ ಹೊರಗೆ ಉಣ್ಣಲು ಹೋಗಿ, ಏನೂ ಆಗದೆ ಸುಮ್ಮನೆ ಮನೆಗೆ ಬಂದ ದಿನ ಒಂದೂ ಇಲ್ಲ. ಬೇರೆಯವರು ಹೋಗುತ್ತಾರೆ, ಉಣ್ಣುತ್ತಾರೆ, ಕೈತೊಳೆದುಕೊಂಡು ಬರುತ್ತಾರೆ. ನಾವು ಹೋದೆವೆಂದರೆ ನೆಟ್ಟಗಿದ್ದದ್ದೂ ಡೊಂಕಾಗುತ್ತದೆ.

ಅದು ನಿಜಾಮರ ಕಾಲ. ನಾನು ಕಲಬುರ್ಗಿಯ ಕಚೇರಿಯೊಂದರಲ್ಲಿ ಉರ್ದು ಕಾಗದಗಳ ನಕಲು ತೆಗೆಯುವ ಕಾರಕೂನ. ಮನೆ ಶಹಾಬಜಾರದ ಓಣಿಯಲ್ಲಿ. ಮನೆಯಲ್ಲಿ ಅವ್ವ, ಹೆಂಡತಿ, ಎರಡು ಮಕ್ಕಳು, ಹಿತ್ತಲಲ್ಲಿ ಒಂದು ಎಮ್ಮೆ. ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವ ಪದ್ಧತಿ ಎಲ್ಲರ ಮನೆಯಲ್ಲಿದ್ದಂತೆ ನಮ್ಮಲ್ಲೂ ಇತ್ತು. ನಾನು ಪಡಸಾಲೆಯಲ್ಲಿ ಉಂಡು ಕಚೇರಿಗೆ ಹೊರಡುವುದು, ಆಮೇಲೆ ಆಕೆ ಉಣ್ಣುವುದು. ಹೀಗಾಗಿ ಹನ್ನೊಂದು ವರ್ಷದ ಸಂಸಾರದಲ್ಲಿ ಆಕೆ ಒಂದು ತುತ್ತು ಬಾಯಿಗಿಡುವುದನ್ನು ನಾನು ಕಂಡಿರಲಿಲ್ಲ. ನಿನಗೇನು ಇಷ್ಟ ಎಂದು ಕೇಳಿದರೆ, "ನಿಮಗ ಏನ್ ಸೇರ್ತದ ಅದs ರೀ" ಎನ್ನುತ್ತಿದ್ದಳು. ನನ್ನ ತಾಟಿಗೆ ಬಿಸಿ ರೊಟ್ಟಿ ಬಿದ್ದಾಗಲೆಲ್ಲ, ಪಾಪ, ಆಕೆಯ ಪಾಲಿಗೆ ಆರಿದ ರೊಟ್ಟಿಯೇ ಎಂದು ಅನ್ನಿಸಿ, ಎರಡು ರೊಟ್ಟಿ ತಾಟಿನಲ್ಲೇ ಬಿಟ್ಟು ಏಳುತ್ತಿದ್ದೆ. ಒಮ್ಮೆಯಾದರೂ ಆಕೆಯನ್ನು ಎದುರಿಗೆ ಕೂಡಿಸಿಕೊಂಡು, ಬಿಸಿಬಿಸಿಯಾಗಿ ಉಣ್ಣಿಸಿ, ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದೆ. ಮನೆಯಲ್ಲಂತೂ ಅದು ಆಗದ ಮಾತು. ಹೊರಗೇ ಹೋಗಬೇಕು.

ಧೋತರದ ಪರದಾ

ಒಂದು ಶುಕ್ರವಾರ, ನಿಜಾಮರ ಕಚೇರಿಗೆ ವಾರದ ರಜೆ. ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗಿ ಬರುತ್ತೇವೆಂದು ಅವ್ವನಿಗೆ ಹೇಳಿ ಇಬ್ಬರೇ ಹೊರಟೆವು. ದರ್ಶನ ಮುಗಿಸಿ, ಹತ್ತಿರದ ಒಂದು ಖಾನಾವಳಿಗೆ ಆಕೆಯನ್ನು ಕರೆದುಕೊಂಡು ಹೋದೆ.

ಖಾನಾವಳಿಯ ಯಜಮಾನ ಆಕೆಯನ್ನು ಕಂಡದ್ದೇ ಸೌಟು ಹಿಡಿದು ನಿಂತುಬಿಟ್ಟ. ಅವನ ಖಾನಾವಳಿಗೆ ಹೆಣ್ಣುಮಗಳು ಕಾಲಿಟ್ಟದ್ದು ಅದೇ ಮೊದಲು.

"ಅಕ್ಕಾರು ಎಲ್ಲಿ ಕೂಡ್ತಾರ್ರಿ?"

"ನನ್ನ ಎದುರಿಗೆ" ಎಂದೆ.

"ಛೇ ಛೇ, ಮಂದಿ ಏನಂತಾರ!" ಎಂದವನೇ ಹಿತ್ತಲಿಗೆ ಓಡಿದ. ಒಣಗಲು ಹಾಕಿದ್ದ ತನ್ನ ಧೋತರವನ್ನೇ ತಂದು, ನಮ್ಮಿಬ್ಬರ ನಡುವೆ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ. ಆಕೆ ಆ ಕಡೆ, ನಾನು ಈ ಕಡೆ. ಅಷ್ಟು ದೂರ ಬಂದು ನಾನು ನೋಡಿದ್ದು ಅವನ ಧೋತರವನ್ನು.

ಸ್ವಲ್ಪ ಹೊತ್ತು ತಡೆದೆ. ಆಮೇಲೆ ತಡೆಯಲಾಗದೆ ಧೋತರದ ಅಂಚನ್ನು ಮೆಲ್ಲಗೆ ಎತ್ತಿದೆ. ಪಕ್ಕದಲ್ಲಿ ಉಣ್ಣುತ್ತಿದ್ದ ಹಳ್ಳಿಯ ಹಿರಿಯರೊಬ್ಬರು ನನ್ನ ಮಣಿಕಟ್ಟು ಹಿಡಿದರು.

"ಏನ್ರೀ, ಮರ್ಯಾದಿ ಅದನೋ ಇಲ್ಲೋ? ಹೆಣ್ಣುಮಗಳು ಉಣ್ಣಾಕತ್ತಾಳ."

"ಆಕಿ ನನ್ನ ಹೆಂಡ್ತಿ ಇದ್ದಾಳ್ರಿ."

"ಎಲ್ಲಾರೂ ಹಂಗs ಅಂತಾರ" ಎಂದು ಹಿರಿಯರು ಯಜಮಾನನನ್ನು ಕರೆದರು. ಅವನು ನನ್ನ ಹೆಸರು ಕೇಳಿದ. ಸಕ್ರೆಪ್ಪ ಎಂದೆ. ಪರದೆಯ ಹತ್ತಿರ ಬಗ್ಗಿ ಆಕೆಯನ್ನು ಕೇಳಿದ: "ಯಕ್ಕಾ, ನಿನ್ನ ಗಂಡನ ಹೆಸರೇನು?"

ಆ ಕಡೆಯಿಂದ ಉಸಿರೇ ಇಲ್ಲ. ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಲ್ಲಿ ಹೇಳುತ್ತಾರೆಯೇ? ಅವನು ಇನ್ನೊಮ್ಮೆ ಕೇಳಿದ. ಆಕೆಯ ಬಳೆಗಳ ಸದ್ದು ಇನ್ನಷ್ಟು ಗೋಡೆಯ ಕಡೆ ಸರಿಯಿತು.

ಯಜಮಾನ ನನ್ನ ತಾಟನ್ನು ತಾನೇ ಎತ್ತಿಕೊಂಡು, "ನಡೀರಿ ಸಕ್ರೆಪ್ಪನವ್ರ" ಎಂದು ನನ್ನನ್ನು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂಡಿಸಿದ.

ನಮಕ್

ನನ್ನ ಈ ಹೆಸರಿನಿಂದ ಮನೆಯಲ್ಲಿ ಇನ್ನೊಂದು ತೊಂದರೆಯಿತ್ತು. ಸಕ್ಕರೆ ಎಂದರೆ ಗಂಡನ ಅರ್ಧ ಹೆಸರು ಹೇಳಿದಂತೆ ಎಂದು ಆಕೆ ಆ ಪದವನ್ನೂ ಬಿಟ್ಟಿದ್ದಳು. "ಬಿಳೀದು ತೀರೇದ" ಎಂದರೆ ಅವ್ವನಿಗೆ ತಿಳಿಯುತ್ತಿತ್ತು, ನಾನು ಬಜಾರದಿಂದ ತರುತ್ತಿದ್ದೆ. ಮನೆಯೊಳಗೆ ಎಲ್ಲ ಸಲೀಸಾಗಿ ನಡೆದಿತ್ತು.

ಸ್ಟೇಷನ್ ಕಡೆ ಮುಸಲ್ಮಾನ ಚಾಚಾ ಒಬ್ಬರ ಚಹಾದ ಹೋಟೆಲಿತ್ತು. ನಮ್ಮ ಕಚೇರಿಯ ಮಂದಿಯೆಲ್ಲ ಅಲ್ಲೇ. ಚಹಾ ಕುಡಿಯುವುದಾದರೂ ನೋಡೋಣ ಎಂದು ಆಕೆಯನ್ನು ಕರೆದೊಯ್ದೆ. ಎರಡು ಕಪ್ಪು ಬಂದವು. ಅಷ್ಟರಲ್ಲಿ ರಸ್ತೆಯಲ್ಲಿ ನಮ್ಮ ಸಾಹೇಬರು ಹಾದುಹೋದರು. ಸಲಾಮು ಮಾಡದಿದ್ದರೆ ಆಗುತ್ತದೆಯೇ? ಎದ್ದು ಓಡಿದೆ.

ಆಕೆಯ ಚಹಾಕ್ಕೆ ಸಿಹಿ ಸಾಲಲಿಲ್ಲ. ಚಾಚಾನಿಗೆ ಹೇಳಿದಳು: "ಅದು ಕಮ್ಮಿ ಆಗೇದ್ರಿ."

"ಏನು ಕಮ್ಮಿ ಬೇಟಿ?"

"ಬಿಳೀದು."

ಚಾಚಾ ಹಾಲು ಹಾಕಿದರು.

"ಅದಲ್ರಿ, ಪುಡಿ, ಪುಡಿ."

ಚಾಚಾ ಚಹಾಪುಡಿಯ ಡಬ್ಬಿ ತೋರಿಸಿದರು.

"ಅಲ್ರಿ, ಬಿಳೀ ಪುಡಿ. ಹರಳು ಹರಳು ಇರ್ತದಲ್ರಿ."

ಚಾಚಾ ಗಡ್ಡ ನೀವಿಕೊಂಡು ಯೋಚಿಸಿದರು. "ನಮಕ್?"

ಆಕೆಗೆ ಉರ್ದು ಬಾರದು. ನಮಕ್ ಎಂದರೆ ಉಪ್ಪು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಅಬ್ಬಾ, ಗಂಡನ ಹೆಸರಿಲ್ಲದ ಸಕ್ಕರೆಯೂ ಈ ಊರಲ್ಲಿ ಸಿಗುತ್ತದಲ್ಲ ಎಂದು ಮುಖವರಳಿಸಿ, "ಹೂಂ ರೀ, ಅದs, ನಮಕ್! ಎರಡು ಚಮಚೆ ಹಾಕ್ರಿ" ಎಂದಳು.

ನಾನು ಬರುವಷ್ಟರಲ್ಲಿ ಆಕೆ ಗೋಡೆಯ ಕಡೆ ತಿರುಗಿ, ಸೆರಗು ಮರೆಮಾಡಿ ಕಪ್ಪು ಖಾಲಿ ಮಾಡಿದ್ದಳು. ಕಣ್ಣಲ್ಲಿ ನೀರು. ಯಾಕೆ ಎಂದು ಕೇಳಿದೆ. "ಹೋಟಲದ ಚಹಾ ನಮ್ಮಂಥಾವ್ರಿಗೆ ಅಲ್ಲ ಬಿಡ್ರಿ" ಎಂದಳು. ಚಾಚಾನನ್ನು ವಿಚಾರಿಸಿದಾಗ ಎಲ್ಲವೂ ಹೊರಬಿತ್ತು. ನಾನು ನನ್ನ ಹೆಸರಿನ ಕಥೆ ಹೇಳಿದೆ.

ಚಾಚಾ ಎರಡೂ ಕೈ ಎತ್ತಿ ನಕ್ಕರು. "ಕಾರಕೂನ್ ಸಾಬ್, ಇಷ್ಟು ವರ್ಷ ಉರ್ದು ಬರೀತೀರಿ, ನಮಕ್‌ಹಲಾಲ್ ಅನ್ನೋ ಮಾತು ಬರದೀರಲ್ಲ? ಉಪ್ಪಿನ ಋಣ ತೀರಿಸೋರು. ಇವತ್ತು ಕಣ್ಣೀಲೆ ನೋಡಿದೆ. ಗಂಡನ ಹೆಸರು ಉಳಸಾಕ ಎರಡು ಚಮಚೆ ಕುಡುದಾಳ!"

ಪೊಟ್ಟಣ

ಹೊರಗಿನ ಸಹವಾಸ ಸಾಕು, ತಿನಿಸನ್ನೇ ಮನೆಗೆ ಒಯ್ಯೋಣ ಎಂದುಕೊಂಡೆ. ಆದರೆ ಮನೆಗೆ ಬಂದ ತಿನಿಸೆಲ್ಲ ಅವ್ವನ ಕೈಗೆ ಹೋಗಬೇಕು, ಅವ್ವ ಹಂಚಬೇಕು. ಓಣಿಯ ಮಂದಿಗೆಲ್ಲ ಒಂದೊಂದು ಮುಟ್ಟಿ, ಹೆಂಡತಿಯ ಪಾಲಿಗೆ ಬರೀ ವಾಸನೆ ಉಳಿಯುತ್ತಿತ್ತು. ಅದಕ್ಕೆ ಒಂದು ಉಪಾಯ ಹೂಡಿದೆ. ಪೇಡೆಗಳನ್ನು ಕಚೇರಿಯ ರದ್ದಿ ಕಾಗದದಲ್ಲಿ ಸುತ್ತಿ, ಕಚೇರಿಯದೇ ಕೆಂಪು ದಾರ ಕಟ್ಟಿ, ಅವ್ವನ ಕಣ್ಣಿಗೆ ಬೀಳದಂತೆ ಕೋಣೆಯಲ್ಲಿ ಆಕೆಯ ಸೀರೆಯ ಪೆಟ್ಟಿಗೆಯ ಮೇಲಿಟ್ಟೆ. ಆಕೆಗೆ ತಿಳಿಯುತ್ತದೆ ಎಂದುಕೊಂಡು ಬಾಯಿಬಿಟ್ಟು ಹೇಳಲಿಲ್ಲ.

ಮೂರನೆಯ ದಿನ ಆಕೆ ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಕಚೇರಿ ಕಾಗದ ಮರತು ಬಿಟ್ಟು ಹೋಗೀರಿ. ದೇವರ ಜಗಲಿ ಮ್ಯಾಲ ಇಟ್ಟಿದ್ದೆ. ನಾ ಬಿಚ್ಚಿಲ್ರಿ. ಆದರ ಇರವಿ ಎಲ್ಲಾ ಓದಿ ಮುಗಿಸ್ಯಾವ."

ಕಮಲಾಪುರದ ಭಜಿ

ಹುಮನಾಬಾದಿನ ಕಡೆ ಒಂದು ಮದುವೆಗೆ ಇಬ್ಬರೇ ಸರ್ವಿಸ್ ಮೋಟಾರಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಕಮಲಾಪುರ, ಅದೇ ಆಕೆಯ ತವರೂರು. ಮೋಟಾರು ಬಿಸಿಯಾಗಿ ಅಲ್ಲಿ ನಿಂತಿತು. ಡ್ರೈವರು ನೀರು ತರಲು ಹೋದ. ಎದುರಿಗೇ ಭಜಿ ಅಂಗಡಿ, ಬಾಣಲೆಯಲ್ಲಿ ಮೆಣಸಿನಕಾಯಿ ಭಜಿ ಕುಣಿಯುತ್ತಿದ್ದವು. ಆಕೆ ಆ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದ್ದನ್ನು ನಾನು ಕಂಡೆ. ಹನ್ನೊಂದು ವರ್ಷದಲ್ಲಿ ಆಕೆಯ ಇಷ್ಟ ಏನೆಂಬುದು ಅರ್ಧದಷ್ಟಾದರೂ ತಿಳಿದ ಹಾಗಾಯಿತು. ಎರಡು ಎಲೆಯಲ್ಲಿ ಕಟ್ಟಿಸಿಕೊಂಡು ಮರದ ನೆರಳಿಗೆ ಬಂದೆ.

"ಯಾರಾರ ನೋಡ್ಯಾರ್ರಿ" ಎಂದಳು.

"ನೋಡ್ಲಿ. ತಿನ್ನು."

ಭಜಿ ಬಾಯಿಯ ಹತ್ತಿರ ಹೋಗಿತ್ತು. ಆಗ ಕೆಂಪು ಬಾಳೆಗೊನೆ ಹೇರಿದ ಬಂಡಿಯೊಂದು ಎದುರಿಗೆ ನಿಂತಿತು. ಬಂಡಿ ಹೊಡೆಯುತ್ತಿದ್ದವರು ಆಕೆಯ ಕಾಕಾ.

"ಏನ್ ನೋಡಾಕತ್ತೀನಿ ನಾನು! ಈ ಊರ ಮಗಳು, ಈ ಊರ ಅಳಿಯ, ರಸ್ತ್ಯಾಗ ನಿಂತು ಅಂಗಡಿ ಭಜಿ ತಿಂತಾರ? ನಾವು ಸತ್ತೀವೇನು?"

ಆಕೆ ಭಜಿಯನ್ನು ಮರದ ಬುಡದಲ್ಲಿಟ್ಟು ಸೆರಗು ಹೊದ್ದಳು. ಮೋಟಾರು ಹೊರಡುತ್ತದೆ ಎಂದೆ. ಕಾಕಾ ಡ್ರೈವರನ ಕಡೆ ತಿರುಗಿ, "ನೀನೂ ಬಾರೋ" ಎಂದರು. ಡ್ರೈವರು ಹೊರಟ. ಡ್ರೈವರೇ ಇಲ್ಲದ ಮೇಲೆ ಮೋಟಾರಿನಲ್ಲಿ ಕುಳಿತು ಮಾಡುವುದೇನು ಎಂದು ಉಳಿದವರೂ ಇಳಿದರು. ಹನ್ನೆರಡು ಮಂದಿ ಕಾಕಾನ ಕಟ್ಟೆಯ ಮೇಲೆ ಸಾಲಾಗಿ ಕುಳಿತೆವು. ರೊಟ್ಟಿ ಬಂದವು, ಪುಂಡಿಪಲ್ಯ ಬಂತು, ಕೆಂಪು ಬಾಳೆಹಣ್ಣು ಬುಟ್ಟಿ ಬುಟ್ಟಿ ಬಂದವು. ಆಕೆ ಮಾತ್ರ ಅಡಿಗೆಮನೆಯೊಳಗೆ ಮಾಯವಾದಳು. ನನಗೆ ಅಳು ಬರುವುದೊಂದು ಬಾಕಿ.

ಡ್ರೈವರು ಆರನೆಯ ಬಾಳೆಹಣ್ಣು ಸುಲಿಯುತ್ತ ನನ್ನ ಕಿವಿಯ ಹತ್ತಿರ ಬಾಗಿದ. "ಸಾಹೇಬ್ರ, ಈ ಹಾದ್ಯಾಗ ನಿಮ್ಮ ಬೀಗರು ಇನ್ನೂ ಎಲ್ಲೆಲ್ಲಿ ಅದಾರ ಹೇಳ್ರಿ. ಅಲ್ಲೆಲ್ಲಾ ಮೋಟಾರು ಬಿಸಿ ಮಾಡ್ತೀನಿ."

ಹದ

ಕೊನೆಗೆ ಒಂದು ಜಾಗ ಸಿಕ್ಕಿತು. ಸೇಡಂ ರಸ್ತೆಯ ಕಡೆ ಒಬ್ಬ ಅಜ್ಜಿ ಖಾನಾವಳಿ ತೆಗೆದಿದ್ದಳು. ಪರದೆ ಗಿರದೆ ಏನೂ ಇಲ್ಲ. "ಗಂಡ ಹೆಂಡ್ತಿ ಎದುರುಬದರು ಕೂಡ್ರಿ, ನನಗೇನ್ ಮಾಡೂದದ" ಎಂದು ತಾನೇ ಮಣೆ ಹಾಕಿದಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಗಟ್ಟಿ ಮೊಸರು. ಸುತ್ತಮುತ್ತ ಗುರುತಿನವರು ಒಬ್ಬರೂ ಇಲ್ಲ. ನಾನು ನನ್ನ ತಾಟು ಬದಿಗೆ ಸರಿಸಿ ಆಕೆಯ ಕೈಯನ್ನೇ ನೋಡುತ್ತ ಕುಳಿತೆ.

ಆಕೆ ರೊಟ್ಟಿಯ ಒಂದು ಚೂರು ಮುರಿದಳು. ಬಾಯಿಗಿಟ್ಟಳು. ಇನ್ನೊಂದು ಚೂರು. ಆಮೇಲೆ ಕೈ ನಿಲ್ಲಿಸಿ ಕುಳಿತಳು.

"ಯಾಕ? ಚಲೋ ಇಲ್ಲೇನು?"

"ಚಲೋ ಅದ್ರಿ."

"ಮತ್ತ ಉಣ್ಣು. ನಾಚಬ್ಯಾಡ."

"ನಾಚಿಕಿ ಅಲ್ರಿ. ಹೊಟ್ಟಿ ತುಂಬೇದ."

ನಾನು ದಂಗಾದೆ. "ಎರಡು ಚೂರಿಗೆ?"

"ಅತ್ತೀಗೆ, ಮಕ್ಕಳಿಗೆ ಅಡಗಿ ಮಾಡಿಟ್ಟು ಬಂದೆನಲ್ರಿ. ಆವಾಗ ಹದ ನೋಡಿದೆ."

"ಹದ ಅಂದ್ರ?"

"ರೊಟ್ಟಿ ಹದಾ ಆಗೇದೋ ಇಲ್ಲೋ ಅಂತ ಮೊದಲನೇದು ತಿಂದು ನೋಡಬೇಕಲ್ರಿ."

"ಒಂದು ರೊಟ್ಟಿಗೆ ಹೊಟ್ಟಿ ತುಂಬ್ತದೇನು?"

ಆಕೆ ಸೆರಗಿನ ತುದಿ ತಿರುವಿದಳು. "ಒಂದರಾಗ ಗೊತ್ತಾಗಲಿಲ್ರಿ. ನಾಕು ನೋಡಿದೆ."

ಆಮೇಲೆ ಒಂದೊಂದೇ ಹೊರಬಂತು. ದಿನವೂ ಹಾಗೆಯೇ ಅಂತೆ. ಒಲೆಯ ಮುಂದೆ ಕುಳಿತವಳಿಗೆ ಮೊದಲ ಉಬ್ಬಿದ ರೊಟ್ಟಿ, ಬೆಣ್ಣೆ ಹಚ್ಚಿಕೊಂಡು, ಹಿಂಡಿ ನೆಂಚಿಕೊಂಡು. ನಾನು ಪಡಸಾಲೆಯಲ್ಲಿ ತಾಟಿಗೆ ಕಾಯುತ್ತಿದ್ದಾಗ ಒಳಗೆ ಆಕೆಯ ಊಟ ಮುಗಿದಿರುತ್ತಿತ್ತು. ಇದನ್ನು ಆಕೆಗೆ ಕಲಿಸಿದವಳು ಬೇರೆ ಯಾರೂ ಅಲ್ಲ, ನಮ್ಮ ಅವ್ವ. "ಗಂಡಸರಿಗೆ ಹೇಳಬ್ಯಾಡ ಅಂದಾರ್ರಿ ಅತ್ತಿ."

"ಹಂಗಾರ" ಎಂದೆ, "ನಿನಗ ಸಾಲ್ತದೋ ಇಲ್ಲೋ ಅಂತ ನಾ ದಿನಾ ಎರಡು ರೊಟ್ಟಿ ತಾಟಿನ್ಯಾಗ ಬಿಟ್ಟು ಏಳ್ತಿದ್ದೆನಲ್ಲ? ಅರ್ಧ ಹೊಟ್ಟೀಲೆ ಕಚೇರಿಗೆ ಹೋಗ್ತಿದ್ದೆನಲ್ಲ?"

ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ನನಗಂತ ಬಿಡ್ತಿದ್ರೇನು? ನಿಮಗ ಸೇರಂಗಿಲ್ಲ ಅಂತ ತಿಳದು ದಿನಾ ಎಮ್ಮಿಗೆ ಹಾಕ್ತಿದ್ದೆನಲ್ರಿ!"

ಅಜ್ಜಿ ಒಲೆಯ ಮುಂದೆ ಬಿದ್ದು ಬಿದ್ದು ನಗುತ್ತಿದ್ದಳು. ಹೆಂಡತಿ ಮಾತ್ರ ನಗಲಿಲ್ಲ. ಇಷ್ಟು ದಿನ ಎಲ್ಲೆಲ್ಲಿಗೋ ಕರೆದೊಯ್ದದ್ದು ಯಾಕೆ ಎಂದು ಕೇಳಿದಳು. ನೀನು ಉಣ್ಣುವುದನ್ನು ನೋಡಬೇಕಿತ್ತು ಎಂದೆ.

ಆಕೆ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದಳು. "ಅದಕ್ಕ ಹೊರಗ್ಯಾಕ ಬರಬೇಕಿತ್ತು? ಅಡಗಿಮನಿ ಒಳಗ ಬಂದಿದ್ರ ಆಗ್ತಿತ್ತಲ್ರಿ. ಹನ್ನೊಂದು ವರ್ಷದಾಗ ಒಂದು ಸಲಾನೂ ಬಂದಿಲ್ಲ ನೀವು."

ನನಗೆ ನಾಚಿಕೆಯಾಯಿತು. ಕಚೇರಿಯಲ್ಲಿ ಯಾರ ಕೈಬರಹವಾದರೂ ಓದುತ್ತಿದ್ದೆ, ಮನೆಯಲ್ಲಿ ಒಂದು ಹೊಸ್ತಿಲು ದಾಟಿರಲಿಲ್ಲ.

ಮರುದಿನ ಬೆಳಿಗ್ಗೆ ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋದೆ. ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬಿತು. ಆಕೆ ಬೆಣ್ಣೆ ಹಚ್ಚಿ, ಅರ್ಧ ಮುರಿದು ನನ್ನ ಕೈಗಿಟ್ಟು, ಅರ್ಧ ತಾನು ತಿಂದಳು. ಕಣ್ಣಾರೆ ನೋಡಿದೆ. ಮೊದಲು ಗರಿಗರಿ ಅಂಚು ತಿನ್ನುತ್ತಾಳೆ, ನಡುವಿನ ಮೆತ್ತನೆಯದನ್ನು ಕಡೆಗೆ ಇಟ್ಟುಕೊಳ್ಳುತ್ತಾಳೆ. ಖಾರ ಹತ್ತಿದರೆ ಎಡಗಣ್ಣು ಮುಚ್ಚುತ್ತಾಳೆ. ಯಾವ ಖಾನಾವಳಿಯಲ್ಲೂ ನಾನು ಅಷ್ಟು ರುಚಿಯಾಗಿ ಉಂಡಿಲ್ಲ. ಅಂದಿನಿಂದ ದಿನವೂ ಇಬ್ಬರೂ ಕೂಡಿ ಹದ ನೋಡತೊಡಗಿದೆವು, ತಾಟಿನಲ್ಲಿ ರೊಟ್ಟಿ ಬಿಡುವುದನ್ನೂ ನಿಲ್ಲಿಸಿದೆ.

ಎರಡು ತಿಂಗಳಾದ ಮೇಲೆ ಅವ್ವ ಪಡಸಾಲೆಯಲ್ಲಿ ಪಕ್ಕದ ಮನೆಯವಳ ಮುಂದೆ ಹೇಳಿಕೊಳ್ಳುತ್ತಿದ್ದಳು:

"ಏನ್ ಮಾಟ ಆಗ್ಯದೋ ಏನೋ ತಂಗಿ. ಮಗ ದಿನಾ ದಪ್ಪ ಆಗಾಕತ್ತಾನ, ಎಮ್ಮಿ ದಿನಾ ಸೊರಗಾಕತ್ತದ!"